ಅಂಪೈರ್ ಮೇಷ್ಟ್ರು ಹಿಡಿದ ಅರ

ನನ್ನ ತಮ್ಮನನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅವನು ತರಬೇತಿ ಶಾಲೆಯಲ್ಲಿ ಫಿಟ್ಟರ್ ಕೆಲಸ ಕಲಿಸುವ ಮೇಷ್ಟ್ರು. ಹಾಕಿ ಮೈದಾನದಲ್ಲಿ ಅಂಪೈರ್. ಎರಡೂ ಸೇರಿ ಅಂಪೈರ್ ಮೇಷ್ಟ್ರು. ಸೀಟಿ ಊದಿಕೊಂಡು ಓಡುವ ಅಂಪೈರ್ ಅಲ್ಲ, ಮೆಟ್ಟಿಲ ಕಟ್ಟೆಯ ಮೇಲೆ ಕೂತು ಆ ಅಂಪೈರಿಗೆ ಬುದ್ಧಿ ಹೇಳುವವನು.

ಆ ಕಟ್ಟೆಯಲ್ಲಿ ಕೂರುವವರಿಗೆಲ್ಲ ಅಭಿಪ್ರಾಯಗಳಿವೆ. ಬಸ್ ಚಾಲಕನ ಪ್ರಕಾರ ಕೋಚ್ ಕುರುಡ. ಔಷಧಿ ಅಂಗಡಿಯವನ ಪ್ರಕಾರ ಅಂಪೈರುಗಳೆಲ್ಲ ಎದುರಾಳಿ ಊರಿನ ಅಳಿಯಂದಿರು. ಆದರೆ ಕಟ್ಟೆಗೆ ಒಂದು ರೂಢಿಯೂ ಇತ್ತು, ಅದನ್ನು ತಂದವನು ನನ್ನ ತಮ್ಮ. ತಪ್ಪು ತೀರ್ಪು ನಮ್ಮ ತಂಡಕ್ಕೇ ಅನುಕೂಲವಾಗಿ ಬಂದರೆ ಅವನು ಎದ್ದು ನಿಂತು ಎಡಗೈ ಎತ್ತುತ್ತಿದ್ದ. ಆ ಕೈ ಮೇಲೆದ್ದರೆ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಗೋಲು ಲೆಕ್ಕಕ್ಕೆ ಸೇರುತ್ತಿತ್ತು, ಸಂತೋಷ ಸೇರುತ್ತಿರಲಿಲ್ಲ. ಆಟ ಮುಗಿದ ಮೇಲೆ ಎದುರು ತಂಡದವರು ಬಂದು ಅವನ ಕೈ ಕುಲುಕಿ ಹೋಗುತ್ತಿದ್ದರು. ಅವನಿಗೆ ಇದರ ಜಂಬವಿತ್ತು. ಜಂಬಪಡುವಂಥದೇ.

ಆ ಜಂಬವನ್ನು ಅವನು ಶಾಲೆಗೂ ಹೊತ್ತುಕೊಂಡು ಹೋದ. ಪ್ರವೇಶ ಕೇಳಿ ಬಂದ ಮಕ್ಕಳು ಒಂದು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ, ಮೂಲೆ ಮೂಲೆಯೂ ನೇರವಾಗಿರುವ ಚೌಕ ಮಾಡಿಕೊಡಬೇಕು, ಅಂಕ ಹಾಕುವವನು ಅವನು. ಮೊದಲು ತುಂಡಿನ ಜೊತೆ ಹೆಸರಿನ ಚೀಟಿ ಇರುತ್ತಿತ್ತು. ಅವನು ಜಗಳವಾಡಿ ಚೀಟಿ ತೆಗೆಸಿ, ಕಬ್ಬಿಣದ ಮೇಲೆ ಬರೀ ಸಂಖ್ಯೆ ಒತ್ತಿಸಿದ. "ನನಗೆ ಕಬ್ಬಿಣ ಕಾಣ್ಬೇಕು, ಅಪ್ಪ ಕಾಣ್ಬಾರದು" ಎನ್ನುತ್ತಿದ್ದ.

ಒಂದು ವರ್ಷ ಅರ್ಜಿ ಹಾಕಿದವರಲ್ಲಿ ನಮ್ಮ ತಂಡದ ಗೋಲ್‌ಕೀಪರ್ ಇದ್ದ. ಅವನನ್ನು ಎಲ್ಲರೂ ಗೋಡೆ ಎಂದೇ ಕರೆಯುತ್ತಿದ್ದರು. ಇಲ್ಲಿ ಸೀಟು ಸಿಗದಿದ್ದರೆ ಅವನು ನೆರೆಯೂರಿನ ಶಾಲೆಗೆ ಸೇರಿ ಅಲ್ಲಿನ ತಂಡಕ್ಕೆ ಆಡುತ್ತಾನೆ ಎಂಬ ಸುದ್ದಿ ಬಂತು. ಕಟ್ಟೆ ಕುದಿಯಿತು.

"ಗೋಡೇನೇ ಹೋದ್ರೆ ಬರೀ ಸೂರು ಹೊತ್ಕೊಂಡು ಆಡೋಣ್ವಾ?" ಎಂದ ಔಷಧಿ ಅಂಗಡಿಯವ.

ಎಲ್ಲರಿಗಿಂತ ದೊಡ್ಡ ದನಿ ಬಸ್ ಚಾಲಕನದು. "ಮೇಷ್ಟ್ರೇ, ಒಂದು ಸೀಟು ತಾನೆ? ಊರಿಗೋಸ್ಕರ ಮಾಡ್ಕೊಡಿ. ಯಾರ ಮನೆ ಮುಳುಗಿಹೋಗುತ್ತೆ?"

"ನಿನ್ನ ಮಗಳೂ ಅರ್ಜಿ ಹಾಕಿದ್ದಾಳಲ್ಲೋ ಮಾರಾಯ" ಎಂದ ನನ್ನ ತಮ್ಮ.

"ಅವಳ ಚಿಂತೆ ಬಿಡಿ. ಮನೇಲಿ ಚಿಲಕ, ಸೈಕಲ್ಲು, ಪಂಪು ಎಲ್ಲಾ ಅವಳದೇ ರಿಪೇರಿ. ಅವಳಿಗೆ ಸಿಗದೆ ಇನ್ಯಾರಿಗೆ ಸಿಗುತ್ತೆ?"

ತಂಡದ ಅಧ್ಯಕ್ಷರು ನಗರಸಭೆಯ ಸದಸ್ಯರೂ ಹೌದು. ಚುನಾವಣೆ ಹತ್ತಿರವಾಗಿತ್ತು. ಪರೀಕ್ಷೆಯ ಮಾರನೆಯ ದಿನ ಅವರು ವರ್ಕ್‌ಶಾಪಿಗೆ ಬಂದು, ಯಂತ್ರಗಳನ್ನೆಲ್ಲ ಮುಟ್ಟಿ ಹೊಗಳಿ, ಹೊರಡುವಾಗ ಗೋಡೆಯ ತುಂಡಿನ ಮೇಲಿನ ಸಂಖ್ಯೆ ಹೇಳಿದರು. "ನಾನೇನೂ ಕೇಳ್ತಾ ಇಲ್ಲ ಮೇಷ್ಟ್ರೇ. ನಿಮಗೆ ಗೊತ್ತಿರಲಿ ಅಂತ, ಅಷ್ಟೇ."

ನನ್ನ ತಮ್ಮ ಆ ತುಂಡನ್ನು ಹುಡುಕಿ, ಮೂಲೆ ನೇರವಿದೆಯೇ ಎಂದು ನೋಡುವ ಮೂಲೆಮಟ್ಟ ಇಟ್ಟು ಕಿಟಕಿಯ ಕಡೆ ಹಿಡಿದ. ಒಂದು ಬದಿಯಲ್ಲಿ ಬೆಳಕು ಧಾರಾಳವಾಗಿ ನುಸುಳಿತು. ಸುಳ್ಳು ಅಂಕ ಹಾಕಲು ಅವನಿಗೆ ಕೈ ಬರಲಿಲ್ಲವಂತೆ. ಹಾಗೆಂದು ಅವನೇ ನನಗೆ ಆಮೇಲೆ ಹೇಳಿದ, ಅದರಲ್ಲೂ ಸ್ವಲ್ಪ ಜಂಬದಿಂದ. ಆದ್ದರಿಂದ ತುಂಡನ್ನು ಬೆಂಚಿಗೆ ಬಿಗಿದ ಇಕ್ಕಳದಂಥ ವೈಸಿಗೆ ಕಚ್ಚಿಸಿ, ಅರ ತೆಗೆದುಕೊಂಡು, ಆ ಬದಿಯನ್ನು ತಾನೇ ಉಜ್ಜಿ ನೇರ ಮಾಡಿದ. ಮತ್ತೆ ಮೂಲೆಮಟ್ಟ ಇಟ್ಟ. ಬೆಳಕು ನುಸುಳಲಿಲ್ಲ. ಆಗ ಅದಕ್ಕೆ ಸಲ್ಲತಕ್ಕ ಅಂಕ ಹಾಕಿದ. ಕಬ್ಬಿಣಕ್ಕೆ ಅನ್ಯಾಯವಾಗಲಿಲ್ಲ. ಇಷ್ಟು ಶುದ್ಧವಾಗಿ ಮೋಸ ಮಾಡುವುದು ಒಬ್ಬ ಫಿಟ್ಟರಿಗೆ ಮಾತ್ರ ಸಾಧ್ಯ.

ಗೋಡೆಗೆ ಸೀಟು ಸಿಕ್ಕಿತು. ಅದು ಕೊನೆಯ ಸೀಟು. ತಪ್ಪಿದ್ದು ಬಸ್ ಚಾಲಕನ ಮಗಳಿಗೆ.

ಅಧ್ಯಕ್ಷರು ಗುಟ್ಟು ಇಟ್ಟುಕೊಳ್ಳುವವರಲ್ಲ. ಮಾಡಿಸಿದ ಉಪಕಾರ ನಾಲ್ಕು ಜನರಿಗೆ ತಿಳಿಯದಿದ್ದರೆ ವೋಟಾಗುವುದಿಲ್ಲ. ಮುಂದಿನ ಪಂದ್ಯದ ಹೊತ್ತಿಗೆ ಕಟ್ಟೆಗೆಲ್ಲ ಗೊತ್ತಾಗಿತ್ತು. ತಮ್ಮ ಬಂದಾಗ ಜನ ಸರಿದು ಜಾಗ ಬಿಟ್ಟರು, ಬೆನ್ನು ತಟ್ಟಿದರು, ಯಾರೋ ಚಹಾ ತಂದುಕೊಟ್ಟರು. ಚಾಲಕ ಎಂದಿನ ಜಾಗದಲ್ಲೇ, ಅವನ ಪಕ್ಕದಲ್ಲೇ ಕೂತಿದ್ದ. ಕೋಚನ್ನು ಬೈಯಲಿಲ್ಲ.

ಆಟದ ಉತ್ತರಾರ್ಧದಲ್ಲಿ ನಮ್ಮ ಫಾರ್ವರ್ಡ್ ಆಟಗಾರನ ಕಾಲಿಗೆ ತಗುಲಿ ನಿಂತ ಚೆಂಡನ್ನು ಅವನು ಗೋಲಿಗೆ ತಳ್ಳಿದ. ಹಾಕಿಯಲ್ಲಿ ಚೆಂಡು ಕಾಲಿಗೆ ತಗುಲುವುದು ತಪ್ಪು, ತಗುಲಿದ್ದು ಗೇಟಿನ ಕಾವಲುಗಾರನಿಗೂ ಕಂಡಿತ್ತು. ಅಂಪೈರಿಗೆ ಕಾಣಲಿಲ್ಲ, ಗೋಲು ಕೊಟ್ಟ. ನನ್ನ ತಮ್ಮ ಅಭ್ಯಾಸಬಲದಿಂದ ಎದ್ದ. ಎಡಗೈ ಎತ್ತಿದ.

ಕಟ್ಟೆ ಆ ಕೈಯನ್ನು ನೋಡಿತು. ಆಮೇಲೆ ನಗತೊಡಗಿತು.

"ಕೂತ್ಕೊಳ್ಳಿ ಮೇಷ್ಟ್ರೇ, ಈಗ ನೀವೂ ನಮ್ಮೋರೇ!"

"ಆ ಗೋಲಿಗೂ ಪಾಸ್ ಮಾರ್ಕ್ಸ್ ಹಾಕ್ಬಿಡಿ ಅತ್ಲಾಗೆ!"

ಅದು ದ್ವೇಷದ ನಗುವಲ್ಲ, ಸಲಿಗೆಯದು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಕೈ ಮೇಲೇ ಇತ್ತು, ಅದನ್ನು ಹೇಗೆ ಇಳಿಸಬೇಕೆಂದು ಅವನಿಗೆ ತಿಳಿಯಲಿಲ್ಲ. ಚಾಲಕ ಅವನ ಅಂಗಿಯ ಚುಂಗು ಹಿಡಿದು ಎಳೆದ.

"ಕೈ ಇಳಿಸಿ ಮೇಷ್ಟ್ರೇ. ಕೇಳಿದೋನು ನಾನೇ. ನನ್ನ ಬಾಯಿಗೇ ಮೊದಲು ಹೊಡೀಬೇಕು."

ನನ್ನ ತಮ್ಮ ಪಂದ್ಯ ಬಿಟ್ಟು ನೇರ ಚಾಲಕನ ಮನೆಗೆ ಹೋದ. ಹುಡುಗಿ ಜಗಲಿಯ ಮೇಲೆ ಸೈಕಲ್ ಮಗುಚಿಟ್ಟುಕೊಂಡು ಚೈನು ಹಾಕುತ್ತಿದ್ದಳು. ಅವನು ನಿಂತೇ ಎಲ್ಲವನ್ನೂ ಹೇಳಿದ, ಅರದ ವಿಷಯವನ್ನೂ. ಅವಳು ಚಿಂದಿ ಬಟ್ಟೆಗೆ ಕೈ ಒರೆಸಿಕೊಂಡಳು.

"ನನ್ನ ತುಂಡು ಹೇಗಿತ್ತು ಸರ್?"

"ಚೆನ್ನಾಗಿತ್ತಮ್ಮಾ. ಅವನದಕ್ಕಿಂತ ಚೆನ್ನಾಗಿತ್ತು."

"ನೀವು ಉಜ್ಜೋಕ್ಕೆ ಮುಂಚಿನದಕ್ಕಿಂತಾನಾ, ಉಜ್ಜಿದ ಮೇಲಿನದಕ್ಕಿಂತಾನಾ?"

"ಮುಂಚಿನದಕ್ಕಿಂತ."

"ಹಾಗಾದ್ರೆ ಅದನ್ನ ಪ್ರಿನ್ಸಿಪಾಲರಿಗೆ ಬರೆದುಕೊಡಿ. ನನ್ನ ಹತ್ರ ಹೇಳ್ಕೊಂಡ್ರೆ ನಿಮಗೆ ಹಗುರ ಆಗುತ್ತೆ. ನನಗೇನು ಸಿಗುತ್ತೆ?"

ಅಲ್ಲಿಂದ ಅವನು ನನ್ನ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು ಹೇಳಿದ, "ಅಕ್ಕಾ, ನೀನು ಓದಿದೋಳು. ಏನೋ ಕೈತಪ್ಪಿಂದ ಆಯ್ತು ಅನ್ನೋ ಹಾಗೆ ಒಂದು ಕಾಗದ ಬರ್ಕೊಡು."

"ಕೈ ಎಲ್ಲಿ ತಪ್ಪಿತು? ನೇರವಾಗೇ ಉಜ್ಜಿದ್ದೀಯಲ್ಲ."

"ಕೆಲಸ ಹೋಗುತ್ತೆ ಕಣಕ್ಕಾ."

"ಹೋಗಬಹುದು."

"ಒಂದೆರಡು ಒಳ್ಳೇ ಮಾತಾದ್ರೂ ಸೇರಿಸು. ಇಷ್ಟು ವರ್ಷ ಹೇಗಿದ್ದೆ ಅಂತ."

"ಹಾಗಿದ್ದವನೇ ಹೀಗೆ ಮಾಡಿದ ಅಂತ ಓದೋರಿಗೆ ಇನ್ನೂ ಚೆನ್ನಾಗಿ ತಿಳಿಯುತ್ತೆ. ಬೇಕಾದ್ರೆ ಸೇರಿಸ್ಕೋ."

ನಾನು ಪೆನ್ನು ಕೊಟ್ಟೆ, ವಾಕ್ಯ ಕೊಡಲಿಲ್ಲ. ಅವನು ಬಹಳ ಹೊತ್ತು ಕೂತು ತಾನೇ ಬರೆದ. ಅದರಲ್ಲಿ ಒಳ್ಳೆಯ ಮಾತು ಇರಲಿಲ್ಲ. ಅಧ್ಯಕ್ಷರು ಸಂಖ್ಯೆ ಹೇಳಿದ್ದನ್ನು ಬರೆದಿದ್ದ, ತಾನು ಅರ ಹಿಡಿದದ್ದನ್ನು ಬರೆದಿದ್ದ, ಹುಡುಗಿಯ ತುಂಡು ಮೇಲಾಗಿತ್ತು ಎಂದು ಬರೆದಿದ್ದ. ಮಾರನೆಯ ದಿನ ಕೊಟ್ಟ.

ಆ ಕಾಗದ ಚುನಾವಣೆಯ ಹೊತ್ತಿನಲ್ಲಿ ಹೊರಗೆ ಹೋದರೇನು ಗತಿ ಎಂದು ಪ್ರಿನ್ಸಿಪಾಲರೂ ಅಧ್ಯಕ್ಷರೂ ಕೂಡಿ ಯೋಚಿಸಿದರು. ಇಲ್ಲದ ಸೀಟೊಂದು ಹುಟ್ಟಿಕೊಂಡಿತು. ಗೋಡೆ ಉಳಿದ, ಹುಡುಗಿಯೂ ಬಂದಳು. ಇದನ್ನು ನ್ಯಾಯ ಎನ್ನುವವರಿದ್ದಾರೆ. ಬೆಂಚಿಗೆ ಒಂದು ವೈಸ್ ಹೆಚ್ಚಾಯಿತು ಎನ್ನುವುದಷ್ಟೇ ನನ್ನ ಅಭಿಪ್ರಾಯ. ತಮ್ಮನನ್ನು ಪ್ರವೇಶದ ಕೆಲಸದಿಂದ ತೆಗೆದರು; ಪಾಠ ಮಾಡುವುದನ್ನು ಬಿಡಿಸಲಿಲ್ಲ.

ಮೈದಾನಕ್ಕೆ ಅವನು ಈಗಲೂ ಹೋಗುತ್ತಾನೆ. ಚಾಲಕನ ಪಕ್ಕದಲ್ಲೇ ಕೂರುತ್ತಾನೆ. ಇಬ್ಬರೂ ಕೋಚಿನ ಬಗ್ಗೆ ಮಾತಾಡುತ್ತಾರೆ, ಗೋಡೆಯ ಬಗ್ಗೆ ಮಾತಾಡುವುದಿಲ್ಲ. ತಪ್ಪು ಗೋಲು ನಮ್ಮದಾದರೆ ಕಟ್ಟೆ ಚಪ್ಪಾಳೆ ತಟ್ಟುತ್ತದೆ. ಅವನು ಎರಡು ಕೈಗಳನ್ನೂ ಮೊಣಕಾಲುಗಳ ನಡುವೆ ಒತ್ತಿಕೊಂಡು ಕೂರುತ್ತಾನೆ.

ವರ್ಕ್‌ಶಾಪಿನಲ್ಲಿ ಮಕ್ಕಳು ಮಾಡಿ ಮುಗಿಸಿದ ತುಂಡುಗಳನ್ನು ಅವನ ಮೇಜಿನ ಮೇಲಿಟ್ಟು ಕೈತೊಳೆಯಲು ಓಡುತ್ತಾರೆ. ಚಾಲಕನ ಮಗಳು ಓಡುವುದಿಲ್ಲ. ತನ್ನದನ್ನು ಇಟ್ಟು ಮೇಜಿನೆದುರು ನಿಂತಿರುತ್ತಾಳೆ. ಅವನು ಅರವನ್ನು ಡ್ರಾಯರಿನೊಳಗಿಟ್ಟು, ಡ್ರಾಯರು ಮುಚ್ಚಿ, ಆಮೇಲೆ ಮೂಲೆಮಟ್ಟ ಕೈಗೆತ್ತಿಕೊಳ್ಳುತ್ತಾನೆ. ಎಲ್ಲ ತುಂಡುಗಳಿಗೂ ಅಂಕ ಬಿದ್ದ ಮೇಲೆಯೇ ಅವಳು ಕೈತೊಳೆಯಲು ಹೋಗುವುದು. ಡ್ರಾಯರು ಮುಚ್ಚಿ ಎಂದು ಅವಳು ಯಾವತ್ತೂ ಹೇಳಿದವಳಲ್ಲ.