ಹಡಗಿನ ಉಂಗುರ ತೀಡುವ ದೊಡ್ಡಮುನಿಯಮ್ಮ

ದೊಡ್ಡಮುನಿಯಮ್ಮನವರ ಎದುರು ಯಾರೂ ‘ಸುಮಾರು’ ಅನ್ನಬಾರದು. ಬಸ್ಸು ಸುಮಾರು ಒಂಬತ್ತಕ್ಕೆ ಬಂತು ಅಂದರೆ, “ಒಂಬತ್ತಕ್ಕಾ, ಒಂಬತ್ತೂ ಐದಕ್ಕಾ? ಒಂದು ಹೇಳಮ್ಮ” ಎಂದು ಕನ್ನಡಕದ ಮೇಲಿಂದ ನೋಡುತ್ತಾರೆ. ನಾನು ಗದಗಿನಿಂದ ಬಂದು, ಬೈಯಪ್ಪನಹಳ್ಳಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿರುವ ಈ ಸೀಲ್ ಕಾರ್ಖಾನೆಗೆ ಕ್ವಾಲಿಟಿ ಎಂಜಿನಿಯರ್ ಆಗಿ ಸೇರಿದ ಮೊದಲ ದಿನವೇ ಈ ಮಾತಿಗೆ ಸಿಕ್ಕಿಬಿದ್ದೆ. ಡಿಗ್ರಿ ನನ್ನದು, ಬೈಗುಳವೂ ನನಗೇ.

ಅವರ ಕೆಲಸ ಏನೆಂದು ಹೇಳುತ್ತೇನೆ. ಹಡಗಿನ ಎಂಜಿನ್ ಒಳಗಿರುತ್ತದೆ, ಪ್ರೊಪೆಲ್ಲರ್ ಹೊರಗೆ ನೀರಲ್ಲಿರುತ್ತದೆ. ಎರಡರ ನಡುವೆ ಒಂದು ಉಕ್ಕಿನ ಶಾಫ್ಟು. ಅದು ಹೊರಗೆ ಹೋಗಬೇಕೆಂದರೆ ಹಡಗಿಗೆ ತೂತು ಕೊರೆಯಲೇಬೇಕು. ತೂತು ಕೊರೆದರೆ ಸಮುದ್ರ ಒಳಗೆ ಬರುತ್ತದೆ. ಅದನ್ನು ತಡೆಯುವವರು ಯಾರು? ಕಗ್ಗದಾಸಪುರದ ದೊಡ್ಡಮುನಿಯಮ್ಮ. ಶಾಫ್ಟಿನ ಜೊತೆ ತಿರುಗುವ ಕಾರ್ಬನ್ ಉಂಗುರ ಒಂದು, ಅಲುಗಾಡದೆ ಕೂತಿರುವ ಗಡಸು ಉಂಗುರ ಇನ್ನೊಂದು. ಎರಡೂ ಒತ್ತಿಕೊಂಡು ತಿರುಗುವಾಗ ನಡುವೆ ಕೂದಲೆಳೆಯ ನೂರನೇ ಒಂದು ಪಾಲಿನಷ್ಟೂ ಉಬ್ಬುತಗ್ಗು ಇರಬಾರದು. ಆ ಉಂಗುರಗಳನ್ನು ಕಬ್ಬಿಣದ ತಟ್ಟೆಯ ಮೇಲೆ ಮುಲಾಮು ಸವರಿ ತೀಡಿ, ಹಳದಿ ದೀಪದ ಕೆಳಗೆ ಗಾಜಿನ ಬಿಲ್ಲೆ ಇಟ್ಟು ನೋಡುತ್ತಾರೆ. ಗಾಜಿನಲ್ಲಿ ಕಪ್ಪು ಗೆರೆಗಳು ಮೂಡುತ್ತವೆ. ಗೆರೆ ನೆಟ್ಟಗಿದ್ದರೆ ಉಂಗುರ ಸಮ. ಬಾಗಿದರೆ ಮತ್ತೆ ತಟ್ಟೆಗೆ.

ಪಾಸಾದ ಉಂಗುರದ ಬೆನ್ನಿಗೆ ನಾಲ್ಕು ಅನ್ನುವ ಮುದ್ರೆ ಒತ್ತುತ್ತಾರೆ. ಅದು ಅವರ ನಂಬರು. ಆ ಮುದ್ರೆಯನ್ನು ಅವರು ತಾಳಿಸರದ ಪಕ್ಕದಲ್ಲೇ ದಾರಕ್ಕೆ ಕಟ್ಟಿಕೊಂಡಿರುತ್ತಾರೆ. ಗಂಡ ಹೋದ ಮೇಲೂ ಸರ ತೆಗೆದಿಲ್ಲ. ಕೇಳಿದವರಿಗೆ “ನಿಂಗೇನಮ್ಮ ಭಾರ?” ಅನ್ನುತ್ತಾರೆ.

ಅವರ ಪಕ್ಕದ ಮೇಜು ಮುನೀರ್ ಅಣ್ಣನದು. ಶಿವಾಜಿನಗರದವರು, ಮೆತ್ತನೆ ಮಾತಿನವರು. ಉಂಗುರದ ಬೆನ್ನಿಗೆ ಕೊರೆದ ತೋಡಿನಲ್ಲಿ ರಬ್ಬರ್ ರಿಂಗು ಕೂರಿಸಿ ಸೀಲ್ ಜೋಡಿಸುವುದು ಅವರ ಕೆಲಸ. ಇಬ್ಬರೂ ಇಪ್ಪತ್ತೆರಡು ವರ್ಷದಿಂದ ಅಕ್ಕಪಕ್ಕ ಕೂತಿದ್ದಾರೆ. ಮಧ್ಯಾಹ್ನ ಈಕೆಯ ಉಪ್ಸಾರು ಆತನ ಡಬ್ಬಿಗೆ, ಆತನ ಮನೆಯ ಖೀರು ಈಕೆಯ ಲೋಟಕ್ಕೆ.

ಕಳೆದ ಜನವರಿಯಲ್ಲಿ ಕರಾವಳಿಯ ಹಡಗುಕಟ್ಟೆಯಿಂದ ಒಂದು ಸೀಲ್ ವಾಪಸು ಬಂತು. ಇಲ್ಲಿ ಗಾಳಿ ತುಂಬಿ ಪರೀಕ್ಷೆ ಮಾಡಿದಾಗ ಸರಿಯಾಗಿದ್ದದ್ದು, ಸಮುದ್ರದಲ್ಲಿ ಆರು ಗಂಟೆ ತಿರುಗುವಷ್ಟರಲ್ಲಿ ಹನಿ ಹನಿ ಸೋರಿತ್ತು. ಉಂಗುರದ ಬೆನ್ನಿಗೆ ನಾಲ್ಕು ನಂಬರು.

ನನಗೆ ಉತ್ತರ ಮೊದಲೇ ಗೊತ್ತಿತ್ತು, ಅಂದುಕೊಂಡಿದ್ದೆ. ದೊಡ್ಡಮುನಿಯಮ್ಮನವರಿಗೆ ಐವತ್ತೇಳು. ಹಿಂದಿನ ವರ್ಷವೇ ಒಂದು ಕಣ್ಣಿಗೆ ಪೊರೆ ತೆಗೆಸಿದ್ದರು. ಕಾರ್ಖಾನೆ ಯಜಮಾನರ ಒಪ್ಪಿಗೆ ಪಡೆದು ಅವರನ್ನು ಪ್ಯಾಕಿಂಗ್‌ಗೆ ಹಾಕುವ ಪತ್ರ ಟೈಪ್ ಮಾಡಿ ಡ್ರಾಯರಿನಲ್ಲಿಟ್ಟೆ. ಮುದ್ರೆಯನ್ನು ವಾಪಸು ಕೊಡಬೇಕು ಎಂಬ ಸಾಲೂ ಅದರಲ್ಲಿತ್ತು. ಅದನ್ನು ಬರೆದವಳು ನಾನೇ. ಈಗ ನೆನೆದರೆ ಕೈಗೆ ಬರೆ ಹಾಕಿಕೊಳ್ಳಬೇಕು ಅನ್ನಿಸುತ್ತದೆ.

ಪತ್ರದ ಸುದ್ದಿ ಅವರಿಗೆ ಹೇಗೋ ತಿಳಿದಿತ್ತು. ಸೀದಾ ನನ್ನ ಮೇಜಿಗೆ ಬಂದರು.

“ಕೊಡು ಅದನ್ನ. ಕಾಗ್ದ ಅಲ್ಲ, ಸೀಲು. ನಿನ್ನ ಕಾಗ್ದ ಆಮೇಲೆ ನೋಡ್ಕತೀನಿ.”

ಎಲ್ಲರೂ ದೀಪದ ಸುತ್ತ ನಿಂತೆವು. ಮುನೀರ್ ಅಣ್ಣ ಸೀಲ್ ಬಿಚ್ಚಿದರು. ಕಾರ್ಬನ್ ಉಂಗುರದ ಮೇಲೆ ಸುತ್ತಲೂ ಒಂದು ಸಣ್ಣ ಗೀರು. ದೊಡ್ಡಮುನಿಯಮ್ಮ ಗಾಜಿಟ್ಟು ನನ್ನನ್ನು ಬಗ್ಗಿಸಿದರು. ಗೀರು ಬಿದ್ದ ಜಾಗ ಬಿಟ್ಟು ಉಳಿದ ಕಡೆಯೆಲ್ಲ ಕಪ್ಪು ಗೆರೆಗಳು ದಾರ ಹಿಡಿದಷ್ಟು ನೆಟ್ಟಗಿದ್ದವು.

“ಏನ್ ಕಾಣ್ತೈತೆ?”

“ನೆಟ್ಟಗಿವೆ ರೀ.”

“ಸುಮಾರಾಗಿ ನೆಟ್ಟಗಾ, ನೆಟ್ಟಗಾ?”

“ನೆಟ್ಟಗೆ.”

“ಹಂಗಾರೆ ಕಣ್ಣು ನಂದು ಸರಿ ಐತೆ. ನಡುವೆ ಏನೋ ಸಿಕ್ಕೊಂಡು ಗೀರೈತೆ.”

ರಬ್ಬರ್ ರಿಂಗು ಎಬ್ಬಿಸಿ, ತೋಡಿನೊಳಗೆ ಬಿಳಿ ಬಟ್ಟೆಯ ತುದಿ ಆಡಿಸಿ ಹೊರತೆಗೆದರು. ಬಟ್ಟೆ ಕೆಂಪಾಗಿತ್ತು. ತುಕ್ಕು ಎಂದುಕೊಂಡೆ ನಾನು. ಅವರು ಮೂಸಿ ನೋಡಿದರು. ಬೇಕಿದ್ದರೆ ಅವರೂ ತುಕ್ಕು ಅನ್ನಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮುದ್ರೆ ಅವರ ಕೊರಳಲ್ಲೇ ಉಳಿಯುತ್ತಿತ್ತು.

“ಕುಂಕುಮ,” ಅಂದರು. “ನಂದೇ. ಆಯುಧಪೂಜೆದು.”

ಕಾರ್ಖಾನೆಗೆ ಹಿರಿಯರೆಂದು ಪ್ರತಿವರ್ಷ ಪೂಜೆ ಮಾಡುವವರು ಅವರೇ. ಲೇತಿಗೆ, ಪ್ರೆಸ್ಸಿಗೆ, ನನ್ನ ಲ್ಯಾಪ್‌ಟಾಪಿಗೆ ಮೂರು ಬೊಟ್ಟು ಇಟ್ಟ ಕೈ, ಹಿಂದಿನ ದಿನ ಪಾಸಾಗಿ ಟ್ರೇಯಲ್ಲಿದ್ದ ಉಂಗುರಗಳಿಗೂ ಇಟ್ಟಿತ್ತು. ಆ ಹಡಗಿನ ಉಂಗುರಕ್ಕೆ ಭಕ್ತಿಯಿಂದ ಇನ್ನೊಂದು ಚಿಟಿಕೆ ಜಾಸ್ತಿ. ನಾನು, ಕ್ವಾಲಿಟಿ ಎಂಜಿನಿಯರ್, ಕಡ್ಲೆಪುರಿ ಅಗಿಯುತ್ತಾ ಅದರ ಫೋಟೋ ತೆಗೆದು ಕೈಮುಗಿದ ಚಿತ್ರದ ಜೊತೆ ಸ್ಟೇಟಸ್ ಹಾಕಿದ್ದೆ. ಆ ಫೋಟೋ ಇನ್ನೂ ನನ್ನ ಫೋನಿನಲ್ಲಿತ್ತು.

ಆಗ ಮುನೀರ್ ಅಣ್ಣ ನೆಲ ನೋಡುತ್ತಾ ಅಂದರು, “ನಾನು ಅವತ್ತೇ ನೋಡ್ದೆ ಅಮ್ಮ. ಮಾರನೇ ದಿನ ಎರಡು ಸಲ ಒರೆಸ್ದೆ. ತೋಡಲ್ಲಿ ಸೇರ್ಕೊಂಡಿದ್ದು ಕಾಣ್ಲಿಲ್ಲ. ತಿರುಗೋವಾಗ ಈಚೆ ಬಂದಿದೆ.”

“ನೋಡ್ದೆಯಾ? ಇಡ್ಬೇಡ ಅಂತ ಯಾಕೆ ಅನ್ಲಿಲ್ಲ?”

“ಪೂಜೆ ನಿಮ್ದು. ಕುಂಕುಮ ಬೇಡ ಅಂತ ನಾನು ಅಂದ್ರೆ, ಕೇಳೋರ ಕಿವಿಗೆ ಅದು ಹೆಂಗೆ ಬೀಳುತ್ತೆ? ಕಾಲ ಸರಿ ಇಲ್ಲಮ್ಮ.”

ದೊಡ್ಡಮುನಿಯಮ್ಮನವರಿಗೆ ಕೋಪ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಕಣ್ಣಲ್ಲಿ ನೀರು ತಂದುಕೊಂಡು ಕೋಪಿಸಿಕೊಂಡದ್ದು ಅವತ್ತೇ ಮೊದಲು.

“ಇಪ್ಪತ್ತೆರಡು ವರ್ಷ ನನ್ನ ಕೈ ಉಪ್ಸಾರು ತಿಂದೋನು, ನನ್ನ ಕಂಡ್ರೆ ಹೆದರ್ಕಂಡ್ಯಾ? ಸೀಲು ಸೋರಿದ್ದಕ್ಕಿಂತ ಅದೇ ನಂಗೆ ಉರೀತೈತೆ ಕಣೋ.”

ನಾನು ಡ್ರಾಯರಿನಿಂದ ಪತ್ರ ತೆಗೆದು ಹರಿದೆ. ಅವರು ಅದಕ್ಕೂ ಬಿಡಲಿಲ್ಲ. “ಹರೀಬೇಡ. ತಪ್ಪು ಮಾಡಿದೀನಿ, ಬರಿ. ಕಣ್ಣು ಅಂತ ಬರೀಬೇಡ, ಕೈ ಅಂತ ಬರಿ” ಅಂದರು. ಹಡಗುಕಟ್ಟೆಗೆ ಕಳಿಸುವ ವರದಿಯಲ್ಲಿ ನಾನು ಕಾರಣ ‘ಹೊರಗಿನ ಪುಡಿ’ ಎಂದು ಬರೆದು ಓದಿ ಹೇಳಿದೆ. “ಹೊರಗಿಂದು ಹೆಂಗಾಯ್ತು? ಕುಂಕುಮ ಅಂತ ಬರಿ.” ಹಾಗೇ ಬರೆದೆ. ಯಜಮಾನರು ತಲೆ ಚಚ್ಚಿಕೊಂಡು ಸಹಿ ಹಾಕಿದರು. ಮುದ್ರೆ ಕೊರಳಲ್ಲೇ ಉಳಿಯಿತು. ಹೊಸ ಉಂಗುರವನ್ನು ಅವರೇ ತೀಡಿದರು. ಆ ಹಡಗು ಈಗ ನೀರಲ್ಲಿದೆ, ಒಂದು ಹನಿ ಸೋರಿಲ್ಲ. ಸುಮಾರಾಗಿ ಅಲ್ಲ, ಒಂದೂ ಇಲ್ಲ.

ಆದರೆ ಮುನೀರ್ ಅಣ್ಣನ ಜೊತೆ ಅವರ ಮಾತು ಕಡಿಮೆಯಾಯಿತು. ಡಬ್ಬಿ ಹಂಚಿಕೊಳ್ಳುತ್ತಿದ್ದರು, ಜಗಳವಾಡುತ್ತಿರಲಿಲ್ಲ. ಆ ಮೌನ ನೋಡಿ ನಮಗೇ ಕಸಿವಿಸಿಯಾಗುತ್ತಿತ್ತು.

ಈ ವರ್ಷದ ಆಯುಧಪೂಜೆ ಬಂತು. ಬೂದುಗುಂಬಳ, ನಿಂಬೆಹಣ್ಣು, ಚೆಂಡುಹೂವು ಎಲ್ಲ ಆಯಿತು. ದೊಡ್ಡಮುನಿಯಮ್ಮ ಕುಂಕುಮದ ತಟ್ಟೆ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಕೂಗಿದರು: “ಮುನೀರೂ, ಬಾ ಇಲ್ಲಿ. ಎಲ್ಲಿಡ್ಲಿ ಹೇಳು.”

ಮುನೀರ್ ಅಣ್ಣ ಹಿಂದೆ ಮುಂದೆ ನೋಡುತ್ತಾ ಎದ್ದು ಬಂದರು. ಲೇತ್ ತೋರಿಸಿದರು, ಬೊಟ್ಟು ಬಿತ್ತು. ಪ್ರೆಸ್ ತೋರಿಸಿದರು, ಬಿತ್ತು. ಹಳದಿ ದೀಪದ ಕಂಬಕ್ಕೂ ಬಿತ್ತು. ಉಂಗುರಗಳ ಟ್ರೇ ಹತ್ತಿರ ಬಂದಾಗ ಆಕೆ ಬೇಕೆಂದೇ ಎರಡು ಬೆರಳಲ್ಲಿ ಕುಂಕುಮ ಎತ್ತಿ, ಕೈ ಚಾಚಿ ನಿಂತರು.

ಮುನೀರ್ ಅಣ್ಣ ಮೆಲ್ಲಗೆ ಅಂದರು,

“ಬೇಡಮ್ಮ.”

“ಕೇಳಿಸ್ಲಿಲ್ಲ.”

“ಬೇಡ! ಅಲ್ಲಿಡ್ಬೇಡಿ!”

ದೊಡ್ಡಮುನಿಯಮ್ಮ ನಕ್ಕುಬಿಟ್ಟರು. ಕುಂಕುಮವನ್ನು ತಟ್ಟೆಗೆ ಉದುರಿಸಿ, ಸೆರಗಿಗೆ ಕೈ ಒರೆಸಿಕೊಂಡು, “ಅದೊಂದು ಮಾತಿಗೆ ವರ್ಷ ಕಾಯಿಸ್ದೆ ನೋಡು” ಎಂದು ಮೊದಲ ಹಿಡಿ ಕಡ್ಲೆಪುರಿ ಅವರ ಕೈಗೆ ಹಾಕಿದರು.