ಮಾಲಕರ ಅಂಗಾಲು

ಮೊಮ್ಮಗನ ಅಂಗಾಲಿಗೆ ಬೆರಳಿನಿಂದ ಟಪ್ಪೆಂದು ತಟ್ಟಿ, ಮರುಕ್ಷಣವೇ ಆ ಬೆರಳನ್ನು ಕಣ್ಣಿಗೊತ್ತಿಕೊಳ್ಳುವ ಅಜ್ಜಿಯನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ಅವರು ನನ್ನ ಮಗಳ ಅತ್ತೆ, ನಿಪ್ಪಾಣಿಯವರು. ಅಥಣಿಯ ಆಸ್ಪತ್ರೆಯಲ್ಲಿ ಒಂದೇ ತೊಟ್ಟಿಲಿನ ಆಚೆ ಅವರು, ಈಚೆ ನಾನು ಕಾವಲು ಕುಳಿತದ್ದನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಮಾತ್ರ ಇಬ್ಬರಿಗೂ ಜೀವ ಬಾಯಿಗೆ ಬಂದಿತ್ತು.

ಚೊಚ್ಚಲ ಹೆರಿಗೆಗೆಂದು ಮಗಳು ಸತ್ತಿ ಎಂಬ ನಮ್ಮ ಊರಿಗೆ, ತವರುಮನೆಗೆ ಬಂದಿದ್ದಳು. ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಹಾಲು ಕುಡಿಯುತ್ತಿತ್ತು, ಅಳುತ್ತಿತ್ತು, ಎಲ್ಲ ಸರಿ. ಆದರೆ ನಡುನಡುವೆ ಉಸಿರಾಡುವುದನ್ನೇ ಮರೆಯುತ್ತಿತ್ತು. ಡಾಕ್ಟರಮ್ಮ ಬಿಡಿಸಿ ಹೇಳಿದಳು. ಮನುಷ್ಯರ ಕೂಸಿರಲಿ, ಎಮ್ಮೆಯ ಕರುವಿರಲಿ, ಹಾಲುಣ್ಣುವ ಮರಿಗಳೆಲ್ಲ ತಾಯಿಯ ಹೊಟ್ಟೆಯೊಳಗೆ, ಗಾಳಿಯೇ ಇಲ್ಲದ ನೀರಿನಲ್ಲಿ, ಎದೆ ಏರಿಸಿ ಇಳಿಸಿ ತಾಲೀಮು ಮಾಡುತ್ತವಂತೆ. ಆ ತಾಳ ಹಾಕುವುದು ಹಿಂಗತ್ತಿನ ಮೇಲೆ, ಮಿದುಳಿನ ಬುಡದಲ್ಲಿರುವ ಒಂದಿಷ್ಟು ನರಕೋಶಗಳು. ರಕ್ತದಲ್ಲಿ ಕೆಟ್ಟ ಗಾಳಿ ಹೆಚ್ಚಾದರೆ ಉಸಿರು ತೆಗೆದುಕೋ ಎಂದು ಗದರಿಸುವುದೂ ಅಲ್ಲಿಂದಲೇ. ಇವನು ತಾಲೀಮು ಅರ್ಧಕ್ಕೆ ಬಿಟ್ಟು ಬಂದವನು. ಒಳಗೆ ಗದರಿಸುವ ದನಿಯೇ ಇನ್ನೂ ಬಲಿತಿಲ್ಲ.

ಉಸಿರು ಹಿಡಿದ ಕರುವಿಗೆ ನಾವು ಮೂಗಿನಲ್ಲಿ ಹುಲ್ಲುಕಡ್ಡಿ ಆಡಿಸುತ್ತೇವಲ್ಲ, ಇಲ್ಲೂ ಆಡಿಸಲೇ ಎಂದು ಕೇಳಿದೆ. ಆಕೆ ನಕ್ಕು, ಹುಲ್ಲು ಬೇಡ, ಕೂಸಿನ ಉಸಿರು ಕಾಯುವ ಈ ಮಿಷಿನ್ ಕೂಗಿದರೆ ಅಂಗಾಲಿಗೆ ಮೆಲ್ಲಗೆ ತಟ್ಟಿ ನರ್ಸನ್ನು ಕರೆಯಿರಿ ಎಂದಳು. ಜೊತೆಗೆ ಔಷಧವೂ ನಡೆದಿತ್ತು. ಚಹಾ, ಕಾಫಿಯಲ್ಲಿ ಇರುವುದೇ ಅದರಲ್ಲೂ ಇದೆಯಂತೆ. ಬಾಣಂತಿಗೆ ಚಹಾ ಕೂಡದೆಂದು ನಾನು ಹಟ ಹಿಡಿದಿದ್ದೆ. ಕೂಸಿಗೇ ಕೊಡುತ್ತಾರೆ, ತಾಯಿಗೆ ಕೊಟ್ಟರೆ ಏನಾಯಿತು ಎಂದು ಬೀಗತಿ ಊರೆಲ್ಲ ಗೆದ್ದವರಂತೆ ನನ್ನ ಮುಖ ನೋಡಿದರು.

ಅವರ ಮನೆಯ ಪದ್ಧತಿಯಲ್ಲಿ ಮೊದಲ ಮೊಮ್ಮಗನಿಗೆ ತೀರಿಹೋದ ಅಜ್ಜನ ಹೆಸರು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವಂತಿಲ್ಲ. ಹಾಗಾಗಿ ಹೆಸರಿಡುವ ಮೊದಲೇ ಈ ಕೂಸೂ, ಅವರ ಗಂಡನಂತೆಯೇ, ಬೀಗತಿಯ ಬಾಯಲ್ಲಿ ‘ಮಾಲಕರು’ ಆಗಿಬಿಟ್ಟಿತ್ತು. ಮಾಲಕರು ಹಾಲು ಕುಡಿದರು, ಮಾಲಕರು ಬಟ್ಟೆ ಒದ್ದೆ ಮಾಡಿಕೊಂಡರು. ಗಂಡನ ಪಾದಕ್ಕೆ ಹೊಡೆಯುವುದು ಹೇಗೆಂದು ಮೊದಲ ಸಲ ಮಿಷಿನ್ ಕೂಗಿದಾಗ ಕೈಕಟ್ಟಿ ಕುಳಿತರು. ನಾನು ತಟ್ಟಿದೆ. ತಮ್ಮ ಗಂಡನಿಗೆ ನಾನು ಹೊಡೆಯುವುದನ್ನು ನೋಡಿ ಸಹಿಸಲಾರದೆ ಎರಡನೆಯ ಸಲ ತಾವೇ ತಟ್ಟಿ, ಕಣ್ಣಿಗೊತ್ತಿಕೊಂಡರು.

ಆಮೇಲೆ ಕೈಗೆ ರುಚಿ ಹತ್ತಿತು. ಮಿಷಿನ್ ಸುಮ್ಮನಿದ್ದರೂ, ಎದೆ ಒಂದಿಷ್ಟು ತಡೆದರೆ ಸಾಕು, ಟಪ್. ನಡುದಾರಿಯಲ್ಲಿ ನಿಲ್ಲುವುದು ಒಳ್ಳೆಯದಲ್ಲ ಮಾಲಕರೇ ಎಂದು ಬುದ್ಧಿಮಾತು ಬೇರೆ. ನಾನೇನು ಕಡಿಮೆಯೇ? ಅವರು ಬಲಗಾಲಿಗೆ ತಟ್ಟಿದರೆ ನಾನು ಎಡಗಾಲಿಗೆ. ಕೂಸಿಗೆ ನೆಟ್ಟಗೆ ಒಂದು ನಿದ್ದೆಯಿಲ್ಲ.

ಡಾಕ್ಟರಮ್ಮ ಕಣ್ಣಾರೆ ನೋಡಿ ಇಬ್ಬರಿಗೂ ಚೆನ್ನಾಗಿ ಬೈದಳು. ಎಳೆಗೂಸುಗಳು ಒಂದಿಷ್ಟು ತಡೆದು ತಾವೇ ಮತ್ತೆ ಉಸಿರಾಡುತ್ತವೆ; ನೀವು ಹೀಗೆ ತಟ್ಟುತ್ತಿದ್ದರೆ ಇವನು ತಾನಾಗಿ ಕಲಿತನೋ ಇಲ್ಲವೋ ಎಂದು ನನಗೆ ಗೊತ್ತಾಗುವುದು ಹೇಗೆ? ಕಲಿಯುವವರೆಗೆ ಮನೆಗೆ ಕಳಿಸುವುದಿಲ್ಲ. ಮಿಷಿನ್ ಇದೆ, ನರ್ಸ್ ಇದ್ದಾಳೆ, ಇಂದಿನಿಂದ ನಿಮ್ಮ ಕೈ ನಿಮ್ಮ ಮಡಿಲಲ್ಲಿರಲಿ ಎಂದಳು.

ಅಂದು ಮಧ್ಯಾಹ್ನ ಮಗಳು ಉಂಡು ಮಲಗಿದ್ದಳು. ಕೂಸಿನ ಎದೆಯ ಏರಿಳಿತ ನಿಂತಿತು. ಬೀಗತಿಯ ಬೆರಳು ಮುಂದೆ ಬಂತು. ಅವರ ಮಣಿಕಟ್ಟು ಹಿಡಿದೆ. ನನ್ನ ಇನ್ನೊಂದು ಕೈ ನನಗೆ ಅರಿವಿಲ್ಲದೆ ತೊಟ್ಟಿಲಿಗೆ ಇಳಿದಿತ್ತು. ಅದನ್ನು ಅವರು ಹಿಡಿದರು. ಕುಸ್ತಿ ಕಣದ ಪೈಲವಾನರಂತೆ ಇಬ್ಬರು ಮುದುಕಿಯರು ತೊಟ್ಟಿಲಿನ ಮೇಲೆ ಬಾಗಿ ನಿಂತೆವು. ಮಿಷಿನ್ ಕೂಗಲಿಲ್ಲ.

"ಹೋದ ವರ್ಷನೂ ಹಿಂಗ ಅವರ ಎದಿ ನೋಡಕೋತ ಕುಂತಿದ್ನ್ರಿ ಅಕ್ಕಾರ," ಎಂದರು ಬೀಗತಿ, ಮೆಲ್ಲಗೆ. "ಮತ್ತ ಏಳಲಿಲ್ಲ."

 ಹಾಳಾಗಿ ಹೋಗಲಿ, ಒಂದು ಸಲ ತಟ್ಟಿಕೊಳ್ಳಲಿ ಎಂದು ಕೈ ಸಡಿಲಿಸುವಷ್ಟರಲ್ಲಿ ಎದೆ ಏರಿತು. ಯಾರೂ ಮುಟ್ಟಿರಲಿಲ್ಲ. ಇಳಿಯಿತು, ಮತ್ತೆ ಏರಿತು. ಕೂಸು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು.

ಬೀಗತಿ ನನ್ನ ಕೈ ಬಿಡದೆಯೇ ಅತ್ತರು. ನನಗೂ ಅಳು ತಡೆಯಲಾಗಲಿಲ್ಲ. ಆಮೇಲೆ ಅವರು ಸೆರಗಿನಿಂದ ಮೂಗು ಒರೆಸಿಕೊಂಡು, ಕೂಸನ್ನೇ ನೋಡುತ್ತ ಅಂದರು:

"ಇವ ನಮ್ಮ ಮಾಲಕರು ಅಲ್ಲ ಬಿಡ್ರಿ. ಅವರು ನಾ ಹೇಳಲಾರದ ತಾವಾಗೇ ಒಂದರ ಕೆಲಸಾ ಮಾಡಿದ್ರೇನ?"