ಕಣದಲ್ಲಿ ನೆಟ್ಟ ಎರಡು ಗೂಟ

ಮೇಲೆ ಗುಂಡಿ ಹಾಕಿದ ಕರಿ ಕೋಟು, ತಲೆಗೆ ಜರಿಪೇಟ, ಕೆಳಗೆ ಬಿಳಿ ಕಚ್ಚೆಪಂಚೆ. ಆ ಪಂಚೆಯ ಎರಡು ಮೊಣಕಾಲಿನ ಹತ್ತಿರ ಮಾತ್ರ ಸದಾ ಕೆಮ್ಮಣ್ಣಿನ ಗುರುತು. ಬೆಂಗಳೂರಿನ ಕಾಲೇಜಿನಲ್ಲಿ ನಮಗೆ ಗಣಿತ ಹೇಳುತ್ತಿದ್ದ ಮೇಷ್ಟ್ರನ್ನು ನೆನೆದರೆ ಮೊದಲು ಕಾಣುವುದು ಆ ಮೊಣಕಾಲುಗಳೇ. ಯುದ್ಧದ ಕಾಲ, ಕಾಗದಕ್ಕೆ ಬರ. ದೇವನಹಳ್ಳಿ ಕೋಟೆಯೊಳಗಿನ ತಮ್ಮ ಮನೆಯ ಅಂಗಳದಲ್ಲೋ ರೈಲು ಸ್ಟೇಷನ್ನಿನ ಮಣ್ಣಿನಲ್ಲೋ ಅವರು ಮಂಡಿಯೂರಿ ಕುಳಿತು ಕಡ್ಡಿಯಲ್ಲಿ ಲೆಕ್ಕ ಬಿಡಿಸುತ್ತಿದ್ದರು. ಬೆಂಗಳೂರಿಗೆ ಹೋಗುವ ಪುಟ್ಟ ರೈಲು ಬಂದು ನಿಂತರೂ ಏಳುತ್ತಿರಲಿಲ್ಲ. ಗಾರ್ಡೇ ಇಳಿದು ಬಂದು ಕರೆಯಬೇಕು.

ನನ್ನದು ದೇವನಹಳ್ಳಿಗೆ ಹತ್ತಿರದ ಹಳ್ಳಿ. ನಮ್ಮ ಬೇಸಾಯದ ಮನೆಯಿಂದ ಬಿ.ಎಸ್ಸಿ. ಓದಲು ಹೋದವನು ನಾನೊಬ್ಬನೇ. ಹೋದವನು ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ನೆಲಕಚ್ಚಿದೆ. "ದೊಡ್ಡ ಪರೀಕ್ಷೇಲೂ ಹಿಂಗೇ ಆದ್ರೆ ಬಂದು ನೇಗ್ಲು ಹಿಡಿ," ಅಂದರು ಅಪ್ಪ, ಅಷ್ಟೆ. ಮೇಷ್ಟ್ರು ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. "ಯಾವುದಯ್ಯಾ ತಲೆಗೆ ಹತ್ತದೆ ಇದ್ದದ್ದು?" ಎಂದು ಕೇಳಿದರು. ದೀರ್ಘವೃತ್ತ ಅಂದೆ. ಕ್ರಿಸ್ಮಸ್ ರಜೆಯಲ್ಲಿ ನಮ್ಮೂರಿಗೇ ನಡೆದುಕೊಂಡು ಬಂದುಬಿಟ್ಟರು.

ಸುಗ್ಗಿಯ ದಿನಗಳು. ರಾಗಿ ಒಕ್ಕಲೆಂದು ಕಣವನ್ನು ಆಗತಾನೇ ಸಗಣಿಯಲ್ಲಿ ಸಾರಿಸಿದ್ದರು. ಅಷ್ಟಗಲದ ನುಣುಪು ನೆಲ ಕಂಡದ್ದೇ ತಡ, ಮೇಷ್ಟ್ರ ಮುಖ ಅರಳಿತು. "ಇಂಥಾ ಬೋರ್ಡು ಕಾಲೇಜಲ್ಲೂ ಇಲ್ಲವಲ್ಲಯ್ಯಾ! ಮನೇಲಿ ರಂಗೋಲಿ ಪುಡಿ ಇದೆಯಾ?" ಅವ್ವನ ರಂಗೋಲಿ ಬಟ್ಟಲು ಖಾಲಿಯಾಯಿತು. ಎರಡು ಗೂಟ ನೆಟ್ಟು, ಎರಡನ್ನೂ ಬಳಸಿ ಸಡಿಲವಾಗಿ ದಾರದ ಕುಣಿಕೆ ಹಾಕಿ, ಕಡ್ಡಿಯಿಂದ ದಾರವನ್ನು ಬಿಗಿಹಿಡಿದು ಗೆರೆ ಎಳೆಯುತ್ತಾ ಸುತ್ತಿದರು. ಅಕ್ಕಪಕ್ಕದಲ್ಲೆಲ್ಲ ಗ್ರೀಕ್ ಅಕ್ಷರಗಳು, ಸಮೀಕರಣಗಳು. ಹೊತ್ತಿಳಿದ ಮೇಲೆ, ನಾಳೆ ಮತ್ತೆ ಬರುತ್ತೇನೆಂದು ಹೊರಟರು.

ಬೆಳಿಗ್ಗೆ ಎತ್ತು ಹೊಡೆದುಕೊಂಡು ಬಂದ ಆಳುಗಳು ಕಣದ ಅಂಚಿನಲ್ಲೇ ನಿಂತುಬಿಟ್ಟರು. ಒಬ್ಬರೂ ಒಳಗೆ ಕಾಲಿಡಲೊಲ್ಲರು.

"ಯಾರೋ ಮಾಟ ಮಾಡವ್ರೆ ಯಜಮಾನ್ರೇ. ಗೂಟಕ್ಕೆ ದಾರ ಬೇರೆ ಸುತ್ತವ್ರೆ."

ನಾವೇ ಬರೆದದ್ದು ಎಂದೆ. ಅದರಿಂದ ಕೆಲಸ ಇನ್ನೂ ಕೆಟ್ಟಿತು. "ಇದೇನ್ಲಾ ನೀನು ಬೆಂಗ್ಳೂರಾಗೆ ಕಲೀತಿರೋದು? ಸಾಕು, ಇವತ್ತಿಂದ ನಿನ್ನ ಕಾಲೇಜೂ ಬೇಡ, ಏನೂ ಬೇಡ!" ಎಂದು ಅಪ್ಪ ಕೂಗಾಡಿದರು. ಒಕ್ಕಣೆ ನಿಂತಿತ್ತು, ನನ್ನ ಓದೂ ನಿಂತಿತೆಂದುಕೊಂಡೆ.

ಅಷ್ಟರಲ್ಲಿ ಮೇಷ್ಟ್ರು ಬಂದರು. ಸಂಗತಿ ಕೇಳಿ ಅವರು ನಗಲಿಲ್ಲ. ಪೇಟ ತೆಗೆದು ನನ್ನ ಕೈಗೆ ಕೊಟ್ಟು, ಎಲ್ಲರಿಗಿಂತ ಹೆಚ್ಚು ಹೆದರಿದ್ದ ನಮ್ಮಜ್ಜಿಯ ಹತ್ತಿರ ಹೋದರು.

"ಅಜ್ಜೀ, ಎತ್ತು ಒಂದು ಮೇಟಿಕಂಬ ಸುತ್ತಿದರೆ ದುಂಡಗೆ ಸುತ್ತುತ್ತೆ. ಕಂಬ ಎರಡಿದ್ದರೆ?"

"ಎರಡ್ಯಾಕ್ ನೆಡ್ತಾರೆ ಸ್ವಾಮಿ? ಎತ್ತು ಮುಗ್ಗರಿಸ್ತದೆ."

"ನೆಟ್ಟರು ಅಂತಲೇ ಇಟ್ಕೊಳ್ಳಿ," ಎಂದು ಕಡ್ಡಿಯನ್ನು ಅವಳ ಕೈಗೇ ಕೊಟ್ಟರು. ಅಜ್ಜಿ ಅಳುಕುತ್ತಲೇ ಬಗ್ಗಿ, ದಾರ ಬಿಗಿಹಿಡಿದು, ಗೂಟಗಳ ಸುತ್ತ ಒಂದು ಸುತ್ತು ಬಂದಳು. ಗೆರೆ ಶುರುವಾದಲ್ಲಿಗೇ ಬಂದು ಕೂಡಿದಾಗ "ಅಯ್ಯೋ, ಮೊಟ್ಟೆ ಆಗೋಯ್ತಲ್ಲಾ!" ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ಆಳುಗಳೂ ನಕ್ಕರು.

"ಭೂಮಿ ಸುತ್ತೋದೂ ಹೀಗೇ, ಇಷ್ಟು ಉದ್ದಕ್ಕಲ್ಲ ಅಷ್ಟೆ. ಸೂರ್ಯ ಇರೋದು ಇಲ್ಲಿ," ಎಂದು ಮೇಷ್ಟ್ರು ಒಂದು ಗೂಟ ಮುಟ್ಟಿ ತೋರಿಸಿದರು.

ಅಪ್ಪ ಬಹಳ ಹೊತ್ತು ಆ ಗೂಟಗಳನ್ನೇ ನೋಡುತ್ತಾ ನಿಂತರು. ಆಮೇಲೆ ಎತ್ತು ಕಟ್ಟಲು ಹೇಳಿ, "ನಾಳೆಯಿಂದ ಆ ಮೂಲೇಲಿ ಬರ್ಕೊಳ್ಳಿ ಸ್ವಾಮಿ," ಎಂದರು.

ರಜೆ ಮುಗಿಯುವವರೆಗೂ ಮೇಷ್ಟ್ರು ಬಂದರು. ನಾನು ಪಾಸಾದೆ. ಆ ಸುದ್ದಿ ಹೇಳಲು ಓಡಿದರೆ ಅವರು ಕೇಳಿದ್ದು, "ಯಾವ ಪ್ರಶ್ನೆ ಬಿಟ್ಟೆ?" ಹೇಳಿದ ಕೂಡಲೇ ಅದನ್ನು ಬಿಡಿಸಲು ಕೂತರು. ಮುಂದೆ ನಾನೂ ಗಣಿತ ಹೇಳಿಯೇ ಅನ್ನ ಉಂಡೆ. ಅದು ಅವರು ಹಾಕಿದ ಭಿಕ್ಷೆ.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಅವರು ತೀರಿಕೊಂಡರು. ಅಪ್ಪನೂ ನನ್ನ ಜೊತೆ ಕೋಟೆಗೆ ಬಂದರು. ವಾಪಸು ಬರುವಾಗ ಕೆರೆ ಏರಿಯ ಮೇಲೆ ನಿಂತುಬಿಟ್ಟರು.

"ಅವ್ರನ್ನ ಒಂದ್ ಮಾತು ಕೇಳ್ಬೇಕು ಅಂತ ಅವತ್ತಿಂದ ಮನಸ್ನಾಗೇ ಮಡಿಕ್ಕಂಡಿದ್ದೆ ಕಣ್ಲಾ. ನಾಚ್ಕೆ ಆಗಿ ಕೇಳ್ಲಿಲ್ಲ. ಒಂದು ಗೂಟದ ತಾವ ಸೂರ್ಯ ಅವ್ನೆ ಅಂದ್ರಲ್ಲ, ಇನ್ನೊಂದ್ರ ತಾವ ಏನೈತೆ?"

ಅಲ್ಲಿ ಏನೂ ಇಲ್ಲ, ಬರೀ ಖಾಲಿ ಜಾಗ. ಉತ್ತರ ಅಷ್ಟೇ. ಹೇಳಲು ಬಾಯಿ ತೆರೆದವನು ಅತ್ತುಬಿಟ್ಟೆ.